ಶ್ವಾಸನಾಳದ ಕಾರ್ಸಿನಾಯ್ಡ್ ಗಂತಿ: ಶಸ್ತ್ರಚಿಕಿತ್ಸೆಯ ಅನಂತರ ಮುಂದೇನು?

ರೋಗಿಯೂ ಅವನ ಮನೆಯವರೂ ವೈದ್ಯರನ್ನು ಕೇಳುವ ಪ್ರಶ್ನೆಗಳಲ್ಲಿ ಎರಡು ಮುಖ್ಯವಾದವು. ಬಂದಿರುವ ರೋಗ ಯಾವುದು ಎಂಬುದು ಮೊದಲನೆಯದು. ಇದರ ಮುಂದಿನ ಗತಿ ಏನು ಎಂಬುದು ಎರಡನೆಯದು. ಮೊದಲನೆಯದಕ್ಕೆ ಪರೀಕ್ಷೆಗಳು ಉತ್ತರ ಕೊಡುತ್ತವೆ. ಎರಡನೆಯದಕ್ಕೆ ಉತ್ತರ ಹೇಳುವುದು ಎಲ್ಲ ಕಾಲದಲ್ಲಿಯೂ ಕಷ್ಟವೇ. ನಮ್ಮ ಪ್ರಾಚೀನ ವೈದ್ಯರು ಈ ಪ್ರಶ್ನೆಯ ತೂಕವನ್ನು ಚೆನ್ನಾಗಿ ಅರಿತಿದ್ದರು. ಚರಕಸಂಹಿತೆಯು ರೋಗಗಳನ್ನು ಸುಖಸಾಧ್ಯ, ಕೃಚ್ಛ್ರಸಾಧ್ಯ, ಯಾಪ್ಯ, ಅಸಾಧ್ಯ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ಸುಲಭವಾಗಿ ಗುಣವಾಗುವುದು, ಪ್ರಯಾಸದಿಂದ ಗುಣವಾಗುವುದು, ಗುಣವಾಗದಿದ್ದರೂ ಹತೋಟಿಯಲ್ಲಿಡಬಹುದಾದದ್ದು, ಕೈಮೀರಿದ್ದು ಎಂಬುದು ಇವುಗಳ ತಾತ್ಪರ್ಯ. ಇಂದಿನ ವೈದ್ಯವಿಜ್ಞಾನವು ಇದೇ ವಿವೇಚನೆಯನ್ನು ಅಂಕಿಗಳ ಮೂಲಕ ಮಾಡಲು ಯತ್ನಿಸುತ್ತಿದೆ. ಆ ಯತ್ನದ ಬಲವನ್ನೂ ಮಿತಿಯನ್ನೂ ತೋರಿಸಲು ಶ್ವಾಸನಾಳದ ಕಾರ್ಸಿನಾಯ್ಡ್ ಎಂಬ ವಿರಳವಾದ ಗಂತಿಯು ಒಳ್ಳೆಯ ಉದಾಹರಣೆಯಾಗಿದೆ.

ಮಹಾನಗರದ ಕನ್ನಡಿಗರಿಗೆ ಈ ವಿಷಯ ದೂರದ್ದಲ್ಲ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಹಿಂದೂಸ್ಥಾನ್ ಏರೋನಾಟಿಕ್ಸ್ ಸಂಸ್ಥೆಯ ವಿಮಾನ ಕಾರ್ಖಾನೆಯೊಂದು ನಾಸಿಕದ ಬಳಿಯ ಓಝರಿನಲ್ಲಿದೆ. 2023ರಿಂದ ಛತ್ರಪತಿ ಸಂಭಾಜಿನಗರವೆಂದು ಕರೆಯಲ್ಪಡುತ್ತಿರುವ ಔರಂಗಾಬಾದು 1956ರವರೆಗೆ ಕಲಬುರಗಿ, ಬೀದರ, ರಾಯಚೂರುಗಳೊಡನೆ ಒಂದೇ ಹೈದರಾಬಾದು ರಾಜ್ಯದಲ್ಲಿತ್ತು. ಇಂಥ ಊರುಗಳಲ್ಲಿ ಉದ್ಯೋಗ, ವ್ಯಾಪಾರ, ನೆಂಟಸ್ತಿಕೆಗಳಿಂದ ನೆಲೆಸಿದ ಕುಟುಂಬಗಳಲ್ಲಿ ಯಾರಿಗಾದರೂ ಎದೆಯ ಗಂತಿ ಕಾಣಿಸಿಕೊಂಡರೆ, ಅವರು ಮುಂಬಯಿಯ ನೆಂಟರ ಮನೆಯಲ್ಲಿ ಇಳಿದುಕೊಂಡು ಚಿಕಿತ್ಸೆ ಪಡೆಯುವುದು ಸಹಜ. ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಇಂಗ್ಲಿಷಿನ ವರದಿಯೊಂದು ಕೈಗೆ ಬರುತ್ತದೆ. ಅದರಲ್ಲಿ ಏನಿದೆ, ಅದನ್ನು ಏಕೆ ಜೋಪಾನ ಮಾಡಬೇಕು, ಎಷ್ಟು ವರ್ಷ ತಪಾಸಣೆಗೆ ಹೋಗಬೇಕು ಎಂಬುದನ್ನು ತಿಳಿದಿರುವುದು ರೋಗಿಯ ಆಯುಷ್ಯಕ್ಕೆ ಸಂಬಂಧಿಸಿದ ಮಾತು.

ಗಂತಿಯ ಸ್ವರೂಪ

ಕಾರ್ಸಿನಾಯ್ಡ್ ಎಂದರೆ 'ಏಡಿಗಂತಿಯನ್ನು ಹೋಲುವಂಥದು' ಎಂದರ್ಥ. ಜರ್ಮನಿಯ ರೋಗವಿಜ್ಞಾನಿ ಸೀಗ್‌ಫ್ರೀಡ್ ಓಬರ್ನ್‌ಡಾರ್ಫರ್ 1907ರಲ್ಲಿ ಸಣ್ಣ ಕರುಳಿನಲ್ಲಿ ಕಂಡ ಕೆಲವು ಗಂತಿಗಳಿಗೆ ಈ ಹೆಸರನ್ನಿಟ್ಟನು. ಇವು ನೋಡಲು ಕ್ಯಾನ್ಸರಿನಂತಿದ್ದರೂ ನಿರುಪದ್ರವಿಗಳೆಂಬುದು ಆಗ ಅವನ ಅಭಿಪ್ರಾಯವಾಗಿತ್ತು. ಆದರೆ 1929ರಲ್ಲಿ ಅವನೇ ಆ ಅಭಿಪ್ರಾಯವನ್ನು ತಿದ್ದಿ, ಇವುಗಳಲ್ಲಿ ಕೆಲವು ಬೇರೆಡೆಗೆ ಹರಡಬಲ್ಲವೆಂದು ತಿಳಿಸಿದನು. ಕಾರ್ಸಿನಾಯ್ಡ್ ಗಂತಿಯ ಭವಿಷ್ಯವನ್ನು ಕುರಿತು ಅವಸರದ ಮಾತು ಸಲ್ಲದೆಂಬ ಪಾಠ ಹೀಗೆ ಅದರ ಚರಿತ್ರೆಯ ಆರಂಭದಲ್ಲಿಯೇ ಇದೆ.

ನಾವು ಸೇದುವ ಗಾಳಿಯು ಕೊರಳಿನ ದೊಡ್ಡ ಶ್ವಾಸನಾಳದಿಂದ ಇಳಿದು, ಎಡಬಲಗಳ ಎರಡು ಕವಲುಗಳಾಗಿ, ಮತ್ತೆ ಮತ್ತೆ ಕವಲೊಡೆದು ಶ್ವಾಸಕೋಶದ ಮೂಲೆಮೂಲೆಗೂ ತಲಪುತ್ತದೆ. ಈ ಕೊಳವೆಗಳ ಒಳಪೊರೆಯಲ್ಲಿ ನರಕೋಶದ ಗುಣವನ್ನೂ ರಸದೂತಗಳನ್ನು ಸ್ರವಿಸುವ ಗ್ರಂಥಿಕೋಶದ ಗುಣವನ್ನೂ ಒಟ್ಟಿಗೆ ಪಡೆದ ವಿಶಿಷ್ಟ ಜೀವಕೋಶಗಳು ಚದುರಿಕೊಂಡಿರುತ್ತವೆ. ಇಂಥ ಕೋಶಗಳ ಬಗೆಗೆ ಸೇರಿದ ಗಂತಿಯೇ ಶ್ವಾಸನಾಳದ ಕಾರ್ಸಿನಾಯ್ಡ್. ಶ್ವಾಸಕೋಶದ ಎಲ್ಲ ದುರ್ಗಂತಿಗಳಲ್ಲಿ ಇದರ ಪಾಲು ಶೇಕಡ 1ರಿಂದ 2 ಮಾತ್ರ. ಬೀಡಿ ಸಿಗರೇಟುಗಳಿಂದ ಬರುವ ಸಾಮಾನ್ಯ ಶ್ವಾಸಕೋಶದ ಕ್ಯಾನ್ಸರಿಗಿಂತ ಇದು ಹಲವು ವಿಧದಲ್ಲಿ ಭಿನ್ನ. ಧೂಮಪಾನದ ಗಂಧವಿಲ್ಲದವರಿಗೂ ಇದು ಬರುತ್ತದೆ. ನಡುವಯಸ್ಸಿನವರಲ್ಲಿಯೂ ತರುಣರಲ್ಲಿಯೂ ಕಾಣಿಸಿಕೊಳ್ಳುತ್ತದೆ. ಹದಿಹರೆಯದವರ ಶ್ವಾಸಕೋಶದಲ್ಲಿಯೇ ಹುಟ್ಟುವ ದುರ್ಗಂತಿಗಳಲ್ಲಿ ಇದೇ ಮೇಲುಗೈ. ಬೆಳೆಯುವ ವೇಗ ಸಾಮಾನ್ಯವಾಗಿ ಬಹು ನಿಧಾನ.

ವೇಷ ಮರೆಸುವ ರೋಗ

ದೊಡ್ಡ ಕೊಳವೆಯೊಳಗೆ ಹುಟ್ಟಿದ ಗಂತಿಯು ಗಾಳಿಯ ದಾರಿಯನ್ನು ಮೆಲ್ಲಮೆಲ್ಲನೆ ಮುಚ್ಚುತ್ತದೆ. ಆಗ ಎದೆಯ ಒಂದೇ ಪಕ್ಕದಲ್ಲಿ ಸುಂಯ್‌ಗುಟ್ಟುವ ಸದ್ದು ಕೇಳಬಹುದು; ರೋಗಿಗೆ ಉಬ್ಬಸವೆಂಬ ಹಣೆಪಟ್ಟಿ ಬೀಳುತ್ತದೆ. ಮುಚ್ಚಿದ ಕೊಳವೆಯ ಆಚೆಗೆ ಕಫ ನಿಂತು ಕೀವಾಗಿ, ಅದೇ ಜಾಗದಲ್ಲಿ ಮರಳಿ ಮರಳಿ ನ್ಯುಮೋನಿಯ ಬರುತ್ತದೆ. ಗಂತಿಯಲ್ಲಿ ರಕ್ತನಾಳಗಳು ದಟ್ಟವಾಗಿರುವುದರಿಂದ ಕೆಮ್ಮಿದಾಗ ರಕ್ತ ಬೀಳಬಹುದು. ಕೆಮ್ಮು, ರಕ್ತ, ಕ್ಷಕಿರಣ ಚಿತ್ರದಲ್ಲಿ ಒಂದು ನೆರಳು ಎಂದೊಡನೆ ನಮ್ಮ ದೇಶದಲ್ಲಿ ಮೊದಲು ನೆನಪಾಗುವುದು ಕ್ಷಯ. ಕ್ಷಯ ಬಹಳವಾಗಿರುವ ದೇಶದಲ್ಲಿ ಆ ಸಂಶಯ ಸಹಜವೂ ನ್ಯಾಯವೂ ಹೌದು. ಆದರೆ ಕಫದಲ್ಲಿ ಕ್ಷಯಾಣು ಸಿಕ್ಕದೆಯೇ ತಿಂಗಳುಗಟ್ಟಲೆ ಔಷಧ ನಡೆದು, ನೆರಳು ಮಾತ್ರ ಇದ್ದಲ್ಲಿಯೇ ಉಳಿದಿದ್ದರೆ ಮತ್ತೊಂದು ಕಾರಣವನ್ನು ಹುಡುಕಲೇಬೇಕು. ಕ್ಷಯದ ಔಷಧವನ್ನು ರೋಗಿಯೇ ನಿಲ್ಲಿಸಬಾರದು. 'ಕೊಳವೆಯೊಳಗೆ ಇಣುಕಿ ನೋಡುವ ಪರೀಕ್ಷೆ ಬೇಕಲ್ಲವೇ?' ಎಂದು ವೈದ್ಯರನ್ನು ಕೇಳಬೇಕು.

ಹೊರ ಅಂಚಿನ ಸಣ್ಣ ಗಂತಿಗಳು ಯಾವ ತೊಂದರೆಯನ್ನೂ ಕೊಡದೆ, ಬೇರಾವುದೋ ಕಾರಣಕ್ಕೆ ತೆಗೆದ ಚಿತ್ರದಲ್ಲಿ ಆಕಸ್ಮಿಕವಾಗಿ ಕಣ್ಣಿಗೆ ಬೀಳುವುದೂ ಉಂಟು. ಮುಖ ಕೆಂಪೇರುವುದು, ಭೇದಿಯಾಗುವುದು ಮುಂತಾದ ರಸದೂತಗಳ ಲಕ್ಷಣಗಳು ಶ್ವಾಸಕೋಶದ ಕಾರ್ಸಿನಾಯ್ಡಿನಲ್ಲಿ ವಿರಳ.

ರೋಗನಿರ್ಣಯಕ್ಕೆ ಸಿ.ಟಿ. ಚಿತ್ರವೂ, ಶ್ವಾಸನಾಳದೊಳಗೆ ದೀಪವುಳ್ಳ ನಳಿಕೆಯನ್ನು ಇಳಿಸಿ ನೋಡುವ ಬ್ರಾಂಕೊಸ್ಕೊಪಿಯೂ ಆಧಾರ. ಗಂತಿಯು ಚೆರಿಹಣ್ಣಿನಂತೆ ಕೆಂಪಗೆ, ನುಣುಪಾಗಿ ಕಾಣುವುದುಂಟು. ಚೂರು ತೆಗೆಯುವಾಗ ರಕ್ತಸ್ರಾವವಾಗಬಹುದಾದ್ದರಿಂದ ಅದನ್ನು ತಡೆಯುವ ಸಲಕರಣೆಗಳಿರುವ ಕಡೆಯೇ ಪರೀಕ್ಷೆ ನಡೆಯಬೇಕು. ಗ್ಯಾಲಿಯಂ 68 ಎಂಬ ವಿಕಿರಣಧಾತುವನ್ನು ಬಳಸುವ ಪೆಟ್ ಚಿತ್ರಣವು, ಗಂತಿ ಬೇರೆಡೆಗೆ ಹರಡಿದೆಯೇ ಎಂಬುದನ್ನು ತಿಳಿಯಲು ನೆರವಾಗುತ್ತದೆ.

ಶಸ್ತ್ರಚಿಕಿತ್ಸೆಯ ಗುರಿ

ಹರಡದ ಕಾರ್ಸಿನಾಯ್ಡಿಗೆ ಮುಖ್ಯ ಚಿಕಿತ್ಸೆಯು ಶಸ್ತ್ರಕ್ರಿಯೆಯೇ. ಇದಕ್ಕೆ ಎರಡು ಗುರಿಗಳುಂಟು: ಗಂತಿಯನ್ನು ಪೂರ್ತಿಯಾಗಿ ತೆಗೆಯುವುದು; ಆರೋಗ್ಯವಂತ ಶ್ವಾಸಕೋಶವನ್ನು ಸಾಧ್ಯವಾದಷ್ಟು ಉಳಿಸುವುದು. ಬಹುಮಟ್ಟಿಗೆ ಶ್ವಾಸಕೋಶದ ಒಂದು ಹಾಲೆಯನ್ನು ಮಾತ್ರ ತೆಗೆಯಲಾಗುತ್ತದೆ. ಗಂತಿಯು ದೊಡ್ಡ ಕೊಳವೆಯ ಕವಲಿನಲ್ಲಿದ್ದರೆ, ಆ ಕೊಳವೆಯ ತುಂಡನ್ನು ಕತ್ತರಿಸಿ, ಉಳಿದೆರಡು ತುದಿಗಳನ್ನು ಅಂಗಿಯ ತೋಳನ್ನು ಹೊಲಿದಂತೆ ಕೂಡಿಸಬಹುದು. 1947ರಲ್ಲಿ ಇಂಗ್ಲೆಂಡಿನ ಕ್ಲೆಮೆಂಟ್ ಪ್ರೈಸ್ ಥಾಮಸ್ ಎಂಬ ಶಸ್ತ್ರವೈದ್ಯನು ಈ ಕ್ರಮವನ್ನು ಮೊದಲಿಗೆ ಕೈಗೊಂಡದ್ದು ವಾಯುಪಡೆಯ ತರುಣ ಶಿಕ್ಷಾರ್ಥಿಯೊಬ್ಬನ ಇಂಥದೇ ಗಂತಿಗಾಗಿ. ಇಡೀ ಶ್ವಾಸಕೋಶವನ್ನು ತೆಗೆದಿದ್ದರೆ ಆ ತರುಣನ ವಿಮಾನವೃತ್ತಿ ಅಲ್ಲಿಗೇ ಮುಗಿಯುತ್ತಿತ್ತು. ಇಂದು ಇಡೀ ಒಂದು ಶ್ವಾಸಕೋಶವನ್ನು ತೆಗೆಯುವ ಸಂದರ್ಭ ಕಡಿಮೆ.

ಕತ್ತರಿಸಿದ ಅಂಚಿನಲ್ಲಿ ಗಂತಿ ಉಳಿದಿದೆಯೇ ಎಂಬುದನ್ನು, ರೋಗಿಯು ಮೇಜಿನ ಮೇಲಿರುವಾಗಲೇ, ಚೂರನ್ನು ಹೆಪ್ಪುಗಟ್ಟಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿ ತಿಳಿಯುತ್ತಾರೆ. ಇದರೊಡನೆ ಸುತ್ತಲಿನ ದುಗ್ಧಗ್ರಂಥಿಗಳನ್ನೂ ಕ್ರಮವಾಗಿ ತೆಗೆದು ಪರೀಕ್ಷೆಗೆ ಕಳಿಸಬೇಕು. ನೆಗಡಿ, ಗಂಟಲುನೋವುಗಳಲ್ಲಿ ಕೊರಳ ಪಕ್ಕದಲ್ಲಿ ಊದಿಕೊಳ್ಳುವ ಗಂಟುಗಳ ಜಾತಿಯೇ ಇವು. ಗಂತಿಯ ಕೋಶಗಳು ಹೊರಟರೆ ಮೊದಲು ತಂಗುವುದು ಬಹುಮಟ್ಟಿಗೆ ಇಲ್ಲಿ. ಗ್ರಂಥಿಗಳನ್ನು ತೆಗೆಯದಿದ್ದರೆ ಮುಂದಿನ ಲೆಕ್ಕಕ್ಕೆ ಬೇಕಾದ ಒಂದು ಮುಖ್ಯ ಅಂಕಿಯೇ ಇಲ್ಲದಂತಾಗುತ್ತದೆ.

ಭವಿಷ್ಯವನ್ನು ಸೂಚಿಸುವ ಕುರುಹುಗಳು

ಮೊದಲನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಸೂಕ್ಷ್ಮದರ್ಶಕದಲ್ಲಿ ಕಾಣುವ ಮಾದರಿ. ಗಂತಿಯ ಕೋಶಗಳು ಎಷ್ಟು ಚುರುಕಾಗಿ ಒಡೆದು ಎರಡಾಗುತ್ತಿವೆ ಎಂಬುದನ್ನು ರೋಗವಿಜ್ಞಾನಿ ಎಣಿಸುತ್ತಾನೆ. ಎರಡು ಚದರ ಮಿಲಿಮೀಟರು ಜಾಗದಲ್ಲಿ ಇಂಥ ವಿಭಜನೆಗಳು 2ಕ್ಕಿಂತ ಕಡಿಮೆಯಿದ್ದು, ಸತ್ತ ಅಂಗಾಂಶ ಎಲ್ಲಿಯೂ ಇಲ್ಲದಿದ್ದರೆ ಅದು ಸಾಧಾರಣ ಮಾದರಿ; ವರದಿಯಲ್ಲಿ 'ಟಿಪಿಕಲ್' ಎಂದಿರುತ್ತದೆ. ವಿಭಜನೆಗಳು 2ರಿಂದ 10ರವರೆಗೆ ಇದ್ದರೆ, ಅಥವಾ ಸತ್ತ ಅಂಗಾಂಶ ಕಂಡರೆ, ಅದು ಅಸಾಧಾರಣ ಮಾದರಿ, ಅಂದರೆ 'ಎಟಿಪಿಕಲ್'. 10ಕ್ಕಿಂತ ಹೆಚ್ಚಾದರೆ ಅದು ಸಾಮಾನ್ಯವಾಗಿ ಬೇರೆಯೇ ಆದ, ಹೆಚ್ಚು ಉಗ್ರವಾದ ವರ್ಗಕ್ಕೆ ಸೇರುತ್ತದೆ. ಈ ಎರಡು ಮಾದರಿಗಳ ಭೇದವನ್ನು ಅಮೆರಿಕದ ಮೇಯೊ ಕ್ಲಿನಿಕ್ಕಿನ ಅರಿಗೋನಿ ಮತ್ತು ಸಂಗಡಿಗರು 1972ರಲ್ಲಿ ನಿರೂಪಿಸಿದರು. 1998ರಲ್ಲಿ ಟ್ರಾವಿಸ್ ಮತ್ತು ಸಂಗಡಿಗರು ಈಗಿನ ಅಳತೆಗಳನ್ನು ಸೂಚಿಸಿದರು. ಶಸ್ತ್ರಕ್ರಿಯೆಗೆ ಮುಂಚೆ ತೆಗೆದ ಚಿಕ್ಕ ಚೂರಿನಿಂದ ಈ ಭೇದವನ್ನು ಖಚಿತವಾಗಿ ಹೇಳುವುದು ಕಷ್ಟ. ಪೂರ್ತಿ ಗಂತಿಯ ವರದಿಗೆ ಕಾಯಬೇಕು.

ಈ ಭೇದದ ಪರಿಣಾಮ ದೊಡ್ಡದು. ಸಾಧಾರಣ ಮಾದರಿಯವರಲ್ಲಿ ಶಸ್ತ್ರಕ್ರಿಯೆಯಾದ ಐದು ವರ್ಷಗಳ ಮೇಲೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನ ಬದುಕಿರುತ್ತಾರೆ. ಅಸಾಧಾರಣ ಮಾದರಿಯಲ್ಲಿ ಈ ಸಂಖ್ಯೆ ಬೇರೆ ಬೇರೆ ವರದಿಗಳಲ್ಲಿ ಸುಮಾರು 50ರಿಂದ 80ರವರೆಗೆ ಇದೆ. ಮರುಕಳಿಕೆಯೂ ಸಾಧಾರಣ ಮಾದರಿಯಲ್ಲಿ ನೂರಕ್ಕೆ ಕೆಲವರಲ್ಲಿ ಮಾತ್ರ; ಅಸಾಧಾರಣ ಮಾದರಿಯಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ.

ಎರಡನೆಯ ಕುರುಹು ದುಗ್ಧಗ್ರಂಥಿಗಳ ಸ್ಥಿತಿ. ಗ್ರಂಥಿಗಳು ಶುದ್ಧವಾಗಿದ್ದರೆ ಭವಿಷ್ಯ ಉತ್ತಮ. ಶ್ವಾಸಕೋಶದ ಬುಡದ ಗ್ರಂಥಿಗಳಿಗೆ ಹರಡಿದ್ದರೆ ಅದಕ್ಕಿಂತ ಕಡಿಮೆ. ಎದೆಯ ನಡುವಿನ ಗ್ರಂಥಿಗಳನ್ನು ಮುಟ್ಟಿದ್ದರೆ ಇನ್ನೂ ಕಡಿಮೆ. ಮೂರನೆಯದು ಗಂತಿಯ ಗಾತ್ರ ಮತ್ತು ವ್ಯಾಪ್ತಿ. ಈ ಎರಡನ್ನೂ, ದೂರದ ಅಂಗಗಳಿಗೆ ಹರಡಿದೆಯೇ ಎಂಬುದನ್ನೂ ಕೂಡಿಸಿ ಟಿ.ಎನ್.ಎಂ. ಎಂಬ ಪದ್ಧತಿಯಿಂದ ರೋಗದ ಘಟ್ಟವನ್ನು ಗೊತ್ತುಪಡಿಸುತ್ತಾರೆ. ನಾಲ್ಕನೆಯದು, ಕತ್ತರಿಸಿದ ಅಂಚು ಶುದ್ಧವಾಗಿದೆಯೇ ಎಂಬುದು. ಕೆಐ 67 ಎಂಬ ವರ್ಣಪರೀಕ್ಷೆಯು ಕೋಶಗಳ ಚುರುಕನ್ನು ಶೇಕಡಾವಾರಿನಲ್ಲಿ ತೋರಿಸುತ್ತದೆ. ಅದು ಪೂರಕ ಮಾಹಿತಿ, ಮಾದರಿಯ ನಿರ್ಣಯ ಅದೊಂದರಿಂದಲೇ ಆಗುವುದಿಲ್ಲ. ಕೊನೆಯದಾಗಿ ರೋಗಿಯ ವಯಸ್ಸು, ಮೈಯ ಶಕ್ತಿ, ಇತರ ಕಾಯಿಲೆಗಳು.

1109 ರೋಗಿಗಳ ಲೆಕ್ಕ

ಈ ಕುರುಹುಗಳನ್ನು ಬಿಡಿಬಿಡಿಯಾಗಿ ನೋಡುವುದಕ್ಕಿಂತ ಒಂದೇ ಲೆಕ್ಕದಲ್ಲಿ ಕೂಡಿಸುವುದು ಲೇಸಲ್ಲವೇ? ಆದರೆ ರೋಗ ವಿರಳವಾದ್ದರಿಂದ ಒಂದೇ ಆಸ್ಪತ್ರೆಯ ರೋಗಿಗಳು ಇದಕ್ಕೆ ಸಾಲರು. ಆದುದರಿಂದ ಎದೆಯ ಶಸ್ತ್ರವೈದ್ಯರ ಐರೋಪ್ಯ ಸಂಘದ ಕಾರ್ಯತಂಡವೊಂದು 17 ಸಂಸ್ಥೆಗಳಲ್ಲಿ ಶಸ್ತ್ರಕ್ರಿಯೆಯಾದ, ಸಾಧಾರಣ ಮಾದರಿಯ 1167 ರೋಗಿಗಳ ವಿವರಗಳನ್ನು ಕಲೆಹಾಕಿತು. ಇವರಲ್ಲಿ 58 ಜನ ಬದುಕಿದ್ದಾರೆಯೇ ಇಲ್ಲವೇ ಎಂಬುದೇ ತಿಳಿಯದ್ದರಿಂದ ಅವರನ್ನು ಕೈಬಿಟ್ಟು, 1109 ಜನರ ಲೆಕ್ಕವನ್ನು 2015ರಲ್ಲಿ ಪ್ರಕಟಿಸಲಾಯಿತು. ನಡುಮಟ್ಟದಲ್ಲಿ 50 ತಿಂಗಳ ನಿಗಾದ ಅವಧಿಯಲ್ಲಿ 87 ಜನ ತೀರಿಕೊಂಡಿದ್ದರು. ಐದು ವರ್ಷ ಬದುಕಿ ಉಳಿಯುವ ಪ್ರಮಾಣ ಶೇಕಡ 93.7 ಎಂದು ಕಂಡಿತು.

ಮರಣದ ಸಂಭವವನ್ನು ಮುಂಗಾಣಲು ಕೊನೆಗೆ ಲೆಕ್ಕದಲ್ಲಿ ನಿಂತ ಅಂಶಗಳು ಆರು: ವಯಸ್ಸು, ಸ್ತ್ರೀಯೋ ಪುರುಷನೋ ಎಂಬುದು, ಹಿಂದೆ ಬೇರೆ ಕ್ಯಾನ್ಸರ್ ಆಗಿತ್ತೇ ಎಂಬುದು, ಗಂತಿಯು ಶ್ವಾಸಕೋಶದ ಹೊರ ಅಂಚಿನಲ್ಲಿತ್ತೇ ಎಂಬುದು, ರೋಗದ ಘಟ್ಟ, ಮತ್ತು ದಿನನಿತ್ಯದ ಕೆಲಸಗಳನ್ನು ಮಾಡಿಕೊಳ್ಳುವ ಶಕ್ತಿ. ಧೂಮಪಾನವನ್ನೂ ಪರಿಶೀಲಿಸಲಾಗಿತ್ತು, ಅದು ಕೊನೆಯ ಪಟ್ಟಿಯಲ್ಲಿ ಉಳಿಯಲಿಲ್ಲ. ಇದರಿಂದ ಧೂಮಪಾನ ನಿರಪಾಯವೆಂದು ಯಾರೂ ತಿಳಿಯಬಾರದು. ಈ ಒಂದು ಲೆಕ್ಕಕ್ಕೆ ಅದು ಹೊಸದೇನನ್ನೂ ಸೇರಿಸಲಿಲ್ಲ ಎಂದಷ್ಟೇ ಅರ್ಥ.

ಇಂಥ ಸೂತ್ರ ಎಷ್ಟು ನಂಬಲರ್ಹ? ಅದನ್ನು ಅಳೆಯುವ ಕ್ರಮ ಸರಳವಾಗಿದೆ. ಇಬ್ಬರು ರೋಗಿಗಳನ್ನು ತೆಗೆದುಕೊಂಡು, ಇವರಲ್ಲಿ ಯಾರು ಮೊದಲು ತೀರಿಕೊಂಡರೆಂದು ಸೂತ್ರವನ್ನು ಕೇಳಬೇಕು. ನಾಣ್ಯ ಚಿಮ್ಮಿ ಹೇಳಿದರೆ ನೂರು ಜೋಡಿಗಳಲ್ಲಿ ಐವತ್ತು ಸರಿಯಾಗುತ್ತವೆ. ಈ ಸೂತ್ರ, ತನ್ನದೇ ರೋಗಿಗಳ ಮೇಲಿನ ಪಕ್ಷಪಾತವನ್ನು ಕಳೆದ ಮೇಲೆಯೂ, ಸುಮಾರು ಎಂಬತ್ತನ್ನು ಸರಿಯಾಗಿ ಹೇಳಿತು. ಇದು ಒಳ್ಳೆಯ ಫಲಿತಾಂಶವೇ. ಆದರೂ ಐದರಲ್ಲಿ ಒಂದು ಜೋಡಿಯಲ್ಲಿ ಸೂತ್ರ ತಪ್ಪಿತೆಂಬುದನ್ನೂ ಮರೆಯುವಂತಿಲ್ಲ.

ಲೆಕ್ಕವು ಹೇಳುವುದೂ ಹೇಳದಿರುವುದೂ

ಇಬ್ಬರು ರೋಗಿಗಳನ್ನು ಕಲ್ಪಿಸಿಕೊಳ್ಳಬಹುದು. ಒಬ್ಬಳು ಮೂವತ್ತು ವರ್ಷದ, ಮನೆ ಕಚೇರಿಗಳೆರಡನ್ನೂ ನಿಭಾಯಿಸುವ ಗೃಹಿಣಿ. ಇನ್ನೊಬ್ಬರು ಎಪ್ಪತ್ತೆರಡು ವರ್ಷದ ನಿವೃತ್ತರು. ಹಿಂದೆ ಬೇರೊಂದು ಕ್ಯಾನ್ಸರಿಗೆ ಚಿಕಿತ್ಸೆಯಾಗಿದೆ, ಮೆಟ್ಟಿಲು ಹತ್ತಿದರೆ ಏದುಸಿರು. ಇಬ್ಬರಿಗೂ ಎರಡು ಸೆಂಟಿಮೀಟರಿನ ಸಾಧಾರಣ ಮಾದರಿಯ ಗಂತಿ. ಇಬ್ಬರ ಗ್ರಂಥಿಗಳೂ ಶುದ್ಧ. ಸೂತ್ರವು ಹಿರಿಯರಿಗೆ ಹೆಚ್ಚು ಅಪಾಯವನ್ನು ಹೇಳುತ್ತದೆ. ಅವರ ಗಂತಿ ಹೆಚ್ಚು ಕ್ರೂರವೆಂದು ಇದರ ಅರ್ಥವಲ್ಲ. ಸೂತ್ರವು ಎಣಿಸುವುದು ಎಲ್ಲ ಕಾರಣಗಳ ಮರಣವನ್ನು. ಹೃದ್ರೋಗ, ಮುಪ್ಪು, ಹಳೆಯ ರೋಗ ಎಲ್ಲವೂ ಅದರೊಳಗೆ ಸೇರಿವೆ. ಗಂತಿ ಮರುಕಳಿಸುವುದೇ ಎಂಬುದು ಬೇರೆ ಪ್ರಶ್ನೆ. ಅದನ್ನು ನಿರ್ಣಯಿಸುವಲ್ಲಿ ಗಂತಿಯ ಮಾದರಿ ಮತ್ತು ಗ್ರಂಥಿಗಳಿಗೇ ಹೆಚ್ಚು ಪ್ರಾಧಾನ್ಯ. ಅಂಕಿ ಕೇಳಿ ಎದೆಗುಂದುವ ಮುನ್ನ, ಅದು ಯಾವ ಪ್ರಶ್ನೆಗೆ ಉತ್ತರ ಎಂಬುದನ್ನು ವಿಚಾರಿಸಬೇಕು.

ಅಸಾಧಾರಣ ಮಾದರಿಯ ರೋಗಿಗೆ ಈ ಸೂತ್ರ ಅನ್ವಯಿಸುವುದೇ ಇಲ್ಲ. ಅದು ಸಾಧಾರಣ ಮಾದರಿಯವರ ಮೇಲೆ ಕಟ್ಟಿದ್ದು. ಇನ್ನೊಂದು ಮಿತಿಯೂ ಇದೆ. ಅಲ್ಲಿನ ನಿಗಾ ಅರ್ಧದಷ್ಟು ಜನರಲ್ಲಿ ನಾಲ್ಕು ವರ್ಷ ಎರಡು ತಿಂಗಳನ್ನು ಮೀರಿರಲಿಲ್ಲ. ಆದರೆ ಕಾರ್ಸಿನಾಯ್ಡ್ ನಿಧಾನಿ. ಹತ್ತು ವರ್ಷ ಸುಮ್ಮನಿದ್ದು ಅನಂತರ ಯಕೃತ್ತಿನಲ್ಲಿಯೋ ಮೂಳೆಯಲ್ಲಿಯೋ ಕಾಣಿಸಿಕೊಂಡ ಉದಾಹರಣೆಗಳು ವೈದ್ಯಸಾಹಿತ್ಯದಲ್ಲಿವೆ. ಇತರ ಕ್ಯಾನ್ಸರುಗಳಲ್ಲಿ 'ಐದು ವರ್ಷ ಕಳೆಯಿತು, ಗೆದ್ದೆವು' ಎನ್ನುವ ವಾಡಿಕೆಯನ್ನು ಇಲ್ಲಿಗೆ ತರಬಾರದು.

ಊರು ಬದಲಿಸುವವರು ಗಮನಿಸಬೇಕಾದದ್ದು

ಮೇಲಿನ ಲೆಕ್ಕದಲ್ಲಿ ಕೈಬಿಟ್ಟುಹೋದ 58 ಜನರನ್ನು ವಾಚಕರು ಮತ್ತೊಮ್ಮೆ ನೆನೆಯಬೇಕು. ಕ್ಯಾನ್ಸರಿನ ಲೆಕ್ಕಗಳೆಲ್ಲ ನಿಂತಿರುವುದು ರೋಗಿಗಳ ದಾಖಲೆಗಳ ಮೇಲೆ. ಇಂಡಿಯನ್ ಕ್ಯಾನ್ಸರ್ ಸೊಸೈಟಿಯು 1963ರಲ್ಲಿ ಮುಂಬಯಿಯಲ್ಲಿ ಕ್ಯಾನ್ಸರ್ ನೋಂದಣಿಯನ್ನು ಆರಂಭಿಸಿ, ಮುಂದೆ ಪುಣೆ, ನಾಗಪುರ, ಔರಂಗಾಬಾದುಗಳಿಗೂ ವಿಸ್ತರಿಸಿತು. ಆದರೆ ಬಿಡಿ ರೋಗಿಯ ನಿಗಾ ನಡೆಯುವುದು ಅವನು ಆಸ್ಪತ್ರೆಗೆ ಮರಳಿ ಬಂದರೆ ಮಾತ್ರ. ವರ್ಗಾವಣೆ, ನಿವೃತ್ತಿ, ಮಕ್ಕಳ ಉದ್ಯೋಗ ಎಂದು ಓಝರಿನಿಂದ ಬೆಂಗಳೂರಿಗೆ, ಸಂಭಾಜಿನಗರದಿಂದ ಬೀದರಿಗೆ ಹೋಗುವ ಕುಟುಂಬಗಳಲ್ಲಿ ಕಡತ ಹಿಂದೆ ಉಳಿದು, ತಪಾಸಣೆ ನಿಂತುಹೋಗುವ ಅಪಾಯ ಹೆಚ್ಚು. ಮೈಯಲ್ಲಿ ಯಾವ ತೊಂದರೆಯೂ ಇಲ್ಲದಿರುವುದು ಇದಕ್ಕೆ ಇನ್ನಷ್ಟು ಇಂಬು ಕೊಡುತ್ತದೆ.

ಆದುದರಿಂದ ಕೆಲವು ಕ್ರಮಗಳನ್ನು ತಪ್ಪದೆ ಪಾಲಿಸಬೇಕು. ಅಂಗಾಂಶ ಪರೀಕ್ಷೆಯ ವರದಿಯ ಎರಡು ಮೂರು ಪ್ರತಿಗಳನ್ನು ಇಟ್ಟುಕೊಳ್ಳಬೇಕು. ಅದರಲ್ಲಿ ಮಾದರಿ, ವಿಭಜನೆಗಳ ಸಂಖ್ಯೆ, ಗಾತ್ರ, ಅಂಚಿನ ಸ್ಥಿತಿ, ಪರೀಕ್ಷಿಸಿದ ಗ್ರಂಥಿಗಳ ಸಂಖ್ಯೆ ಇವೆಯೇ ಎಂದು ನೋಡಿ, ಇಲ್ಲದಿದ್ದರೆ ಕೇಳಿ ಬರೆಯಿಸಿಕೊಳ್ಳಬೇಕು. ಮಾದರಿಯ ಬಗ್ಗೆ ಸಂದೇಹವಿದ್ದರೆ ಆಸ್ಪತ್ರೆಯಿಂದ ಸ್ಲೈಡುಗಳನ್ನೂ ಮೇಣದ ಬ್ಲಾಕುಗಳನ್ನೂ ಪಡೆದು, ಅನುಭವಿಗಳಾದ ಮತ್ತೊಬ್ಬ ರೋಗವಿಜ್ಞಾನಿಗೆ ತೋರಿಸುವುದು ರೋಗಿಯ ಹಕ್ಕು. ಇದರಿಂದ ಯಾವ ವೈದ್ಯರಿಗೂ ಅವಮಾನವಿಲ್ಲ. ತಪಾಸಣೆಯು ಮೊದಲ ಎರಡು ವರ್ಷ ಹೆಚ್ಚು ಸಲ, ಅನಂತರ ವರ್ಷಕ್ಕೊಮ್ಮೆ ಎಂಬುದು ಸಾಮಾನ್ಯ ಪದ್ಧತಿ. ಸಿ.ಟಿ. ಎಷ್ಟು ಅಂತರದಲ್ಲಿ ಬೇಕೆಂಬುದನ್ನು ಮಾದರಿ ಮತ್ತು ಘಟ್ಟಗಳನ್ನು ನೋಡಿ ವೈದ್ಯರು ನಿರ್ಧರಿಸುತ್ತಾರೆ. ಈ ನಿಗಾ ಕಡಿಮೆಯೆಂದರೂ ಹತ್ತು ವರ್ಷ, ಸಾಧ್ಯವಾದರೆ ಹದಿನೈದು ವರ್ಷ ಮತ್ತು ಅದರಾಚೆಗೂ ಸಾಗಬೇಕು. ಪ್ರತಿ ಸಲವೂ ಮುಂಬಯಿಗೆ ಬರಬೇಕೆಂದಿಲ್ಲ. ಸಂಭಾಜಿನಗರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿಗೆ ಸೇರಿದ ಕ್ಯಾನ್ಸರ್ ಆಸ್ಪತ್ರೆಯಿದೆ. ನಾಸಿಕದಲ್ಲಿಯೂ ಕ್ಯಾನ್ಸರ್ ಚಿಕಿತ್ಸಾಲಯಗಳಿವೆ. ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಸಂಸ್ಥೆಯಿದೆ. ಕಡತವೊಂದು ಕೈಯಲ್ಲಿದ್ದರೆ ಯಾವ ಊರಿನ ತಜ್ಞರೂ ಮುಂದಿನ ನಿಗಾವನ್ನು ವಹಿಸಿಕೊಳ್ಳಬಲ್ಲರು.

ಒಂದು ವೇಳೆ ಮರುಕಳಿಸಿದರೂ ದಾರಿಗಳು ಮುಚ್ಚಿಹೋಗುವುದಿಲ್ಲ. ಒಂದೆರಡು ಕಡೆ ಮಾತ್ರ ಕಂಡ ಗಂತಿಯನ್ನು ಮತ್ತೆ ತೆಗೆಯಬಹುದು. ಆಕ್ಟ್ರಿಯೊಟೈಡ್‌ನಂಥ ಚುಚ್ಚುಮದ್ದುಗಳು, ಎವರೊಲಿಮಸ್ ಎಂಬ ಮಾತ್ರೆ, ಲುಟೇಷಿಯಂ 177 ಎಂಬ ವಿಕಿರಣಧಾತುವನ್ನು ಗಂತಿಯ ಕೋಶಗಳಿಗೇ ತಲಪಿಸುವ ಚಿಕಿತ್ಸೆ ಇವು ಬಳಕೆಯಲ್ಲಿವೆ. ಈ ಲುಟೇಷಿಯಂ ನಮ್ಮ ಟ್ರಾಂಬೆಯ ಪರಮಾಣು ಸ್ಥಾವರದಲ್ಲಿಯೇ ತಯಾರಾಗುತ್ತದೆ. ಬೇಗ ಪತ್ತೆಯಾದ ಮರುಕಳಿಕೆಯಲ್ಲಿ ಚಿಕಿತ್ಸೆಯ ಆಯ್ಕೆಗಳು ಹೆಚ್ಚು; ದೀರ್ಘಕಾಲದ ನಿಗಾಕ್ಕೆ ಇಷ್ಟು ಒತ್ತು ಕೊಡುವುದು ಈ ಕಾರಣಕ್ಕಾಗಿಯೇ.

ಚರಕನ ನಾಲ್ಕು ವಿಭಾಗಗಳಲ್ಲಿ ಸಾಧಾರಣ ಮಾದರಿಯ ಕಾರ್ಸಿನಾಯ್ಡ್ ಬಹುಮಟ್ಟಿಗೆ ಮೊದಲನೆಯದರಲ್ಲಿಯೇ ನಿಲ್ಲುತ್ತದೆ. ಅಸಾಧಾರಣ ಮಾದರಿ ಎರಡನೆಯದರಲ್ಲಿ. ಹರಡಿದ ರೋಗವೂ ಎಷ್ಟೋ ವೇಳೆ ಮೂರನೆಯದಾದ ಯಾಪ್ಯದಲ್ಲಿ ಹಲವು ವರ್ಷ ನಿಲ್ಲುತ್ತದೆ. ಯಾವ ರೋಗಿ ಯಾವ ವಿಭಾಗಕ್ಕೆ ಸೇರುತ್ತಾನೆಂಬುದನ್ನು ಮೊದಲಿಗೆ ಸೂಚಿಸುವುದು ಶಸ್ತ್ರಕ್ರಿಯೆಯಾದಾಗ ಬಂದ ಆ ವರದಿ. ಅದನ್ನು ಮನೆಯ ಪತ್ರ, ವಿಮೆಯ ಕಾಗದಗಳೊಡನೆ ಭದ್ರವಾಗಿ ಇಡುವುದೂ, ವರ್ಷಕ್ಕೊಮ್ಮೆ ಅದನ್ನು ತೆಗೆದುಕೊಂಡು ವೈದ್ಯರಲ್ಲಿಗೆ ಹೋಗುವುದೂ ರೋಗಿಯ ಮತ್ತು ಮನೆಯವರ ಕೈಯಲ್ಲಿದೆ.